ಔಟ್ ಕೊಟ್ಟಿದ್ದು ಸರಿ, ಆದರೆ...

ಹೋದ ಸಂಚಿಕೆಯಲ್ಲಿ ನಾನ್ ಸ್ಟ್ರೈಕರ್ ರನ್ ಔಟ್ (ಬಾಲ್ ಬಿಡೋ ಮುಂಚೆಯೇ ಬೌಲರ್ ಕಡೆಯ ಬ್ಯಾಟರ್ ಕ್ರೀಸ್ ಬಿಟ್ಟು ಹೊರಟರೆ ಬೌಲರ್ ಬೇಲ್ಸ್ ಬೀಳಿಸಿ ಔಟ್ ಮಾಡೋದು) ಬಗ್ಗೆ ಒಂದೆರಡು ಸಾಲು ಬರೆದು ಮುಂದೆ ಹೋಗಿದ್ದೆ. ಓದುಗರು ಬಿಡಲಿಲ್ಲ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದೇ ವಿಷಯ. ಕೆಲವರು ಬೈದಿದ್ದಾರೆ, ಕೆಲವರು ತಮ್ಮೂರ ಮ್ಯಾಚಿನ ಜಗಳವನ್ನೇ ತಂದು ಮುಂದಿಟ್ಟು ತೀರ್ಪು ಹೇಳಿ ಅಂದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಇದೇ. ಐಪಿಎಲ್ ಹರಾಜಿನ ಬಗ್ಗೆ ಕೇಳಿದವರು ಸ್ವಲ್ಪ ತಾಳಿ.

ಪ್ರಶ್ನೆ: ನಮ್ಮೂರ ಟೆನ್ನಿಸ್ ಬಾಲ್ ಟೂರ್ನಿಯ ಫೈನಲ್. ಕೊನೇ ಓವರ್ ನಂದು. ಎದುರು ತಂಡಕ್ಕೆ 6 ರನ್ ಬೇಕು, ಉಳಿದಿದ್ದು ಒಂದೇ ವಿಕೆಟ್. ನಾನ್ ಸ್ಟ್ರೈಕರ್ ಪ್ರತಿ ಬಾಲಿಗೂ ನಾನು ಕೈ ತಿರುಗಿಸೋ ಮುಂಚೆನೇ ಅರ್ಧ ಪಿಚ್ ಓಡಿರುತ್ತಿದ್ದ. ನಾನು ನಿಂತು ಬೇಲ್ಸ್ ಎಗರಿಸಿದೆ. ಅಂಪೈರ್ ಔಟ್ ಕೊಟ್ಟರು, ಕಪ್ ನಮಗೆ ಬಂತು. ಆದರೆ ಅವರು ಕೈ ಕುಲುಕದೆ ಹೋದರು. ನಮ್ಮ ತಂಡದ ಹಿರಿಯರೊಬ್ಬರೇ 'ಇಂಥಾ ಗೆಲುವು ಬೇಕಿತ್ತಾ' ಅಂದುಬಿಟ್ಟರು. ಒಂದು ಸಲ ವಾರ್ನಿಂಗ್ ಕೊಡಬೇಕಿತ್ತಾ ಸರ್?
- ಒಬ್ಬ ಓದುಗ, ದಾವಣಗೆರೆ

ಉತ್ತರ: ನೀವು ಮಾಡಿದ್ದು ರನ್ ಔಟ್. ಕಪ್ಪನ್ನು ನೆಮ್ಮದಿಯಿಂದ ಶೋಕೇಸಿನಲ್ಲಿಡಿ.

ವಾರ್ನಿಂಗ್ ಕೊಡಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಅದು ರೂಢಿಯಿಂದ ಬಂದಿದ್ದು. 1947ರ ಡಿಸೆಂಬರ್‌ನಲ್ಲಿ ಸಿಡ್ನಿ ಟೆಸ್ಟಿನಲ್ಲಿ ಭಾರತದ ವಿನೂ ಮಂಕಡ್ ಅವರು ಆಸ್ಟ್ರೇಲಿಯಾದ ಬಿಲ್ ಬ್ರೌನ್ ಅವರನ್ನು ಹೀಗೇ ಔಟ್ ಮಾಡಿದ್ದು, ಆವತ್ತಿನಿಂದ ಈ ಔಟಿಗೆ ಅವರ ಹೆಸರೇ ಅಂಟಿಕೊಂಡಿತು. ಆದರೆ ಜನ ಮರೆಯೋದು ಏನೆಂದರೆ, ಅದೇ ಪ್ರವಾಸದ ಇನ್ನೊಂದು ಪಂದ್ಯದಲ್ಲಿ ಮಂಕಡ್ ಇದೇ ಬ್ರೌನ್‌ಗೆ ಮೊದಲು ಎಚ್ಚರಿಕೆ ಕೊಟ್ಟಿದ್ದರು, ಕೇಳದೇ ಇದ್ದಾಗ ಅಲ್ಲೂ ರನ್ ಔಟ್ ಮಾಡಿದ್ದರು. ಆಮೇಲೂ ಆತ ಟೆಸ್ಟಿನಲ್ಲಿ ಕ್ರೀಸ್ ಬಿಟ್ಟು ಹೊರಟರೆ ಮಂಕಡ್ ಏನು ಮಾಡಬೇಕಿತ್ತು, ಕೈ ಮುಗಿಯಬೇಕಿತ್ತಾ? ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ಗಲಾಟೆಯಾಯಿತು. ಆದರೆ ಆ ತಂಡದ ನಾಯಕ ಡಾನ್ ಬ್ರಾಡ್ಮನ್, ಅಂದರೆ ವಿಕೆಟ್ ಕಳಕೊಂಡ ಕಡೆಯವರೇ, ಮಂಕಡ್ ಮಾಡಿದ್ದರಲ್ಲಿ ತಪ್ಪೇನೂ ಇಲ್ಲ ಎಂದು ತಮ್ಮ ಆತ್ಮಕಥೆಯಲ್ಲಿ ಬರೆದರು.

ಒಂದು ಲೆಕ್ಕ ನೋಡಿ. ಈ ಕ್ರೀಸಿನಿಂದ ಆ ಕ್ರೀಸಿಗೆ 58 ಅಡಿ. ಬೌಲರ್ ಕೈಯಿಂದ ಬಾಲ್ ಹೋಗೋ ಮುಂಚೆಯೇ ಐದಾರು ಅಡಿ ಹೋಗಿ ನಿಂತವನು ಓಡಬೇಕಾದ್ದರಲ್ಲಿ ಹತ್ತನೇ ಒಂದು ಭಾಗ ಪುಕ್ಕಟೆ ಪಡೆದ ಹಾಗೆ. ಕೊನೇ ಓವರಿನಲ್ಲಿ ಎರಡು ರನ್ ಆಗೋದು, ಒಂದರಲ್ಲೇ ನಿಲ್ಲೋದು ಇಷ್ಟರ ಮೇಲೇ ನಿಂತಿರುತ್ತದೆ. ಅದೇ ನಿಮ್ಮ ಹಿಮ್ಮಡಿ ಒಂದೇ ಒಂದು ಅಂಗುಲ ಗೆರೆ ದಾಟಿದ್ದರೆ? ನೋ ಬಾಲ್, ಒಂದು ರನ್ ದಂಡ, ಮೇಲೊಂದು ಫ್ರೀ ಹಿಟ್. ಆಗ ಯಾರೂ 'ಪಾಪ ಬೌಲರ್, ಒಂದು ಸಲ ವಾರ್ನಿಂಗ್ ಕೊಟ್ಟು ಬಿಡಿ' ಅನ್ನುವುದಿಲ್ಲ. ಬೌಲರ್‌ಗೆ ಗೆರೆ, ಬ್ಯಾಟರ್‌ಗೆ 'ಆಟದ ಸ್ಪಿರಿಟ್'. ಈ ಭೇದ ನನಗೆ ಯಾವತ್ತೂ ಅರ್ಥವಾಗಿಲ್ಲ.

ನಿಮ್ಮ ಹಿರಿಯರು ಬಹುಶಃ ವೆಸ್ಟ್ ಇಂಡೀಸ್ ಬೌಲರ್ ಕೋರ್ಟ್ನಿ ವಾಲ್ಷ್ ಅವರನ್ನು ನೆನೆಸಿಕೊಂಡಿರಬೇಕು. 1987ರ ವಿಶ್ವಕಪ್, ಲಾಹೋರ್. ಕೊನೇ ಬಾಲ್, ಪಾಕಿಸ್ತಾನಕ್ಕೆ 2 ರನ್, ಕೊನೇ ವಿಕೆಟ್, ಹೆಚ್ಚುಕಡಿಮೆ ನಿಮ್ಮದೇ ಫೈನಲ್. ನಾನ್ ಸ್ಟ್ರೈಕರ್ ಸಲೀಂ ಜಾಫರ್ ಹೊರಗಿದ್ದರು. ವಾಲ್ಷ್ ಓಡಿ ಬಂದು ನಿಂತರು, ಬೇಲ್ಸ್ ಮುಟ್ಟಲಿಲ್ಲ, ವಾಪಸ್ ಹೋಗಿ ಬಾಲ್ ಹಾಕಿದರು. ಅಬ್ದುಲ್ ಖಾದಿರ್ ಗೆಲುವಿನ ರನ್ ಹೊಡೆದರು. ವೆಸ್ಟ್ ಇಂಡೀಸ್ ಆ ಸಲ ಸೆಮಿಫೈನಲ್ ತಲುಪಲೇ ಇಲ್ಲ. ವಾಲ್ಷ್ ದೊಡ್ಡ ಮನುಷ್ಯ, ಅನುಮಾನವೇ ಇಲ್ಲ. ಆದರೆ ಅವರು ದೊಡ್ಡವರಾಗಿದ್ದಕ್ಕೆ ನೀವು ಸಣ್ಣವರಾಗಬೇಕಿಲ್ಲ.

ಇನ್ನು 2022ರ ಅಕ್ಟೋಬರ್ 1ರಿಂದ, ಕ್ರಿಕೆಟ್ ನಿಯಮ ಬರೆಯೋ ಕ್ಲಬ್ ಎಂಸಿಸಿ ಈ ಔಟನ್ನು 'ಅನ್ಯಾಯದ ಆಟ' ಅನ್ನೋ 41ನೇ ನಿಯಮದಿಂದ ಕಿತ್ತು ರನ್ ಔಟಿನ 38ನೇ ನಿಯಮಕ್ಕೆ ಸೇರಿಸಿದೆ. ಅದಕ್ಕೆ ಸರಿಯಾಗಿ ಒಂದು ವಾರ ಮುಂಚೆ, ಅದೇ ಎಂಸಿಸಿಯ ಮನೆಯಾದ ಲಾರ್ಡ್ಸ್‌ನಲ್ಲಿ, ದೀಪ್ತಿ ಶರ್ಮಾ ಇಂಗ್ಲೆಂಡಿನ ಚಾರ್ಲಿ ಡೀನ್ ಅವರನ್ನು ಹೀಗೆ ಔಟ್ ಮಾಡಿದ್ದರು. ಡೀನ್ 47 ರನ್ ಹೊಡೆದು ಗೆಲುವಿನ ಹತ್ತಿರ ತಂದಿದ್ದರು, ಭಾರತ 16 ರನ್‌ನಿಂದ ಗೆದ್ದಿತು, ಸರಣಿ 3-0. ಝೂಲನ್ ಗೋಸ್ವಾಮಿ ಅವರ ಕೊನೇ ಪಂದ್ಯ ಬೇರೆ. ಡೀನ್ ಆವತ್ತು ಅದೊಂದೇ ಸಲ ಮುಂಚೆ ಹೊರಟವರಲ್ಲ, ಇನಿಂಗ್ಸ್ ಉದ್ದಕ್ಕೂ ಹಾಗೇ ಮಾಡಿದ್ದರು. ಆದರೂ ಬೈಗುಳ ತಿಂದಿದ್ದು ಮಾತ್ರ ದೀಪ್ತಿ.

ಒಂದೇ ಒಂದು ವಿಷಯ ನೀವೇ ನೋಡಿಕೊಳ್ಳಿ, ನಿಮ್ಮ ಟೂರ್ನಿಯಲ್ಲಿ ಟಿವಿ ಅಂಪೈರ್ ಇರಲಿಲ್ಲ ತಾನೆ. ಬಾಲ್ ಬಿಡೋ ಹೊತ್ತು ದಾಟಿದ ಮೇಲೆ ಬೇಲ್ಸ್ ಬೀಳಿಸಿದರೆ ಅದು ಔಟ್ ಅಲ್ಲ. 2023ರ ಜನವರಿಯಲ್ಲಿ ಬಿಗ್ ಬ್ಯಾಶ್‌ನಲ್ಲಿ ಆಡಂ ಜಂಪಾ ಮಾಡಿದ್ದು ಹಾಗೇ ಆಯಿತು. ಕೈ ಪೂರ್ತಿ ತಿರುಗಿಸಿ ಆಮೇಲೆ ಬೇಲ್ಸ್ ಎಗರಿಸಿದರು, ಥರ್ಡ್ ಅಂಪೈರ್ ನಾಟೌಟ್ ಅಂದರು. 2019ರಲ್ಲಿ ಜೈಪುರದಲ್ಲಿ ಅಶ್ವಿನ್ ಅವರು ಬಟ್ಲರ್‌ನ ಔಟ್ ಮಾಡಿದ್ದು ಕೂಡ ನನಗೆ ಅಷ್ಟು ಶುದ್ಧ ಅನಿಸುವುದಿಲ್ಲ. ನಿಂತು, ಬಟ್ಲರ್ ಹೊರಗೆ ಹೋಗಲಿ ಅಂತ ಕಾದ ಹಾಗೆ ಕಾಣುತ್ತದೆ. ಅಶ್ವಿನ್ ಅಭಿಮಾನಿಗಳು ಈಗ ಪೆನ್ನು ಕೈಗೆತ್ತಿಕೊಳ್ಳುತ್ತಾರೆ, ಗೊತ್ತು, ಬರೆಯಿರಿ. ಆದರೆ ನೀವು ಹೇಳೋ ಪ್ರಕಾರ ನಿಮ್ಮವನು ಕೈ ತಿರುಗೋ ಮುಂಚೆನೇ ಹೊರಟಿದ್ದ, ಅದೂ ಪ್ರತಿ ಬಾಲಿಗೆ. ಅರ್ಧ ಪಿಚ್ ಅನ್ನೋದನ್ನ ಸ್ವಲ್ಪ ಕಡಿಮೆ ಮಾಡಿಕೊಂಡರೂ ಔಟೇ.

ಪ್ರಶ್ನೆ: ಬೇರ್‌ಸ್ಟೋ ಸ್ಟಂಪಿಂಗ್ ಬಗ್ಗೆ ನಮ್ಮ ಆಫೀಸಿನಲ್ಲಿ ಇವತ್ತಿಗೂ ಜಗಳ. ಅವನು ರನ್ ಕದಿಯೋಕೆ ಹೋಗಿರಲಿಲ್ಲ, ಓವರ್ ಮುಗಿಯಿತು ಅಂತ ಸುಮ್ನೆ ನಡೆದು ಹೋದ. ಅದನ್ನೂ ನೀವು ಸರಿ ಅಂತೀರಾ?
- ಒಬ್ಬ ಓದುಗರು, ಮೈಸೂರು

ಉತ್ತರ: ಔಟ್ ಅನ್ನೋದು ಸರಿ. ಖುಷಿ ಆಗುತ್ತಾ ಅಂದರೆ, ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2023ರ ಜುಲೈ 2, ಲಾರ್ಡ್ಸ್, ಇಂಗ್ಲೆಂಡ್-ಆಸ್ಟ್ರೇಲಿಯಾ ನಡುವಿನ ಆ್ಯಶಸ್ ಸರಣಿಯ ಎರಡನೇ ಟೆಸ್ಟಿನ ಕೊನೇ ದಿನ. ಇಂಗ್ಲೆಂಡಿಗೆ ಗುರಿ 371. ಕ್ಯಾಮರೂನ್ ಗ್ರೀನ್ ಹಾಕಿದ ಬೌನ್ಸರಿಗೆ ಬೇರ್‌ಸ್ಟೋ ತಲೆ ಬಗ್ಗಿಸಿದರು. ಬಾಲ್ ಕೀಪರ್ ಅಲೆಕ್ಸ್ ಕೇರಿ ಕೈಗೆ ಹೋಯಿತು. ಬೇರ್‌ಸ್ಟೋ ಕಾಲಲ್ಲಿ ಕ್ರೀಸ್ ಕೆರೆದು, ತಲೆ ಎತ್ತಿ ಹಿಂದೆ ಕೂಡ ನೋಡದೆ, ಆಚೆ ತುದಿಯಲ್ಲಿದ್ದ ನಾಯಕ ಸ್ಟೋಕ್ಸ್ ಕಡೆ ನಡೆದುಬಿಟ್ಟರು. ಅಷ್ಟರಲ್ಲಿ ಕೇರಿ ಕೆಳಗಿನಿಂದ ಎಸೆದ ಬಾಲ್ ಸ್ಟಂಪಿಗೆ ಬಡಿದಿತ್ತು. 10 ರನ್‌ಗೆ ಔಟ್.

ಇಲ್ಲಿ ನಿಯಮ ಕೇಳೋದು ಒಂದೇ ಪ್ರಶ್ನೆ, ಬಾಲ್ ಡೆಡ್ ಆಗಿತ್ತಾ? ಎರಡೂ ಕಡೆಯವರು ಇನ್ನು ಈ ಬಾಲಿನ ಆಟ ಮುಗಿಯಿತು ಅಂತ ಬಿಟ್ಟಿದ್ದಾರೆ ಎಂದು ಅಂಪೈರಿಗೆ ಸ್ಪಷ್ಟವಾಗಬೇಕು. ಬ್ಯಾಟರ್ ಒಬ್ಬನೇ ಮುಗಿಯಿತು ಅಂದುಕೊಂಡರೆ ಸಾಲದು. ಕೇರಿ ಬಾಲನ್ನು ಗ್ಲೌಸಿನಲ್ಲಿ ಇಟ್ಟುಕೊಂಡು ನಾಲ್ಕು ಹೆಜ್ಜೆ ಹೋಗಿ, ಆಕಡೆ ಈಕಡೆ ನೋಡಿ ಆಮೇಲೆ ಎಸೆದಿದ್ದರೆ ನಾನೂ ನಿಮ್ಮ ಪಕ್ಷ. ಆತ ಹಿಡಿದ ಕೂಡಲೇ ಎಸೆದರು, ಒಂದೇ ಓಘದಲ್ಲಿ. ಹಾಗಾಗಿ ಬಾಲ್ ಜೀವಂತವಾಗಿತ್ತು, ಬೇರ್‌ಸ್ಟೋ ನಿದ್ದೆಯಲ್ಲಿದ್ದರು.

ಆದರೆ ನಿಮ್ಮ ಮಾತಿನಲ್ಲಿ ಒಂದು ಹುರುಳಿದೆ. ಮೊದಲ ಪತ್ರದ ನಾನ್ ಸ್ಟ್ರೈಕರ್ ಲಾಭ ಮಾಡಿಕೊಳ್ಳಲು ಹೊರಟವನು. ಬೇರ್‌ಸ್ಟೋಗೆ ಯಾವ ಲಾಭವೂ ಇರಲಿಲ್ಲ. ಇಂಥ ಕಡೆ ನಾಯಕನಿಗೆ ಒಂದು ದಾರಿ ಇದೆ, ಅಂಪೈರ್ ಒಪ್ಪಿಗೆ ಪಡೆದು ಅಪೀಲ್ ವಾಪಸ್ ತೆಗೆದುಕೊಳ್ಳಬಹುದು. ಆಸ್ಟ್ರೇಲಿಯಾ ನಾಯಕ ಪ್ಯಾಟ್ ಕಮಿನ್ಸ್ ಹಾಗೆ ಮಾಡಿದ್ದರೆ ನಾವೆಲ್ಲ ಇವತ್ತು ಅವರನ್ನು ಹೊಗಳುತ್ತಿದ್ದೆವು. ಮಾಡಲಿಲ್ಲ. ಮಾಡಲಿಲ್ಲ ಅಂತ ಮೋಸಗಾರ ಅನ್ನಲು ನನ್ನ ಬಾಯಿ ಬರುವುದಿಲ್ಲ.

ಬೈದವರು ಯಾರು ಅನ್ನೋದನ್ನೂ ನೋಡಬೇಕು, ಇದು ಮಜಾ ಇದೆ. ಅದೇ ಟೆಸ್ಟಿನಲ್ಲಿ ಬೇರ್‌ಸ್ಟೋ ಕೀಪಿಂಗ್ ಮಾಡುವಾಗ ಆಸ್ಟ್ರೇಲಿಯಾದ ಲಬುಶೇನ್ ಕ್ರೀಸಿನಿಂದ ಆಚೆ ನಿಂತಿದ್ದನ್ನು ಕಂಡು ಸ್ಟಂಪಿಗೆ ಎಸೆದಿದ್ದರು, ತಾಗಲಿಲ್ಲ ಅಷ್ಟೇ. ಬೇರ್‌ಸ್ಟೋ ಔಟಾದ ಮೇಲೆ ಬ್ಯಾಟಿಗೆ ಬಂದ ಸ್ಟುವರ್ಟ್ ಬ್ರಾಡ್, ಜನ ನಿನ್ನನ್ನು ನೆನೆಯೋದು ಇದೊಂದಕ್ಕೇ ಅಂತ ಕೇರಿಯನ್ನು ಚುಚ್ಚುತ್ತಿದ್ದರು. ಯಾವ ಬ್ರಾಡ್? 2013ರಲ್ಲಿ ಟ್ರೆಂಟ್ ಬ್ರಿಡ್ಜ್‌ನಲ್ಲಿ ಬಾಲ್ ಬ್ಯಾಟಿಗೆ ತಾಗಿ ಸ್ಲಿಪ್‌ನಲ್ಲಿ ಕ್ಯಾಚ್ ಆಗಿ, ಇಡೀ ಮೈದಾನಕ್ಕೆ ಕಂಡರೂ ಅಂಪೈರ್ ಔಟ್ ಕೊಡಲಿಲ್ಲ ಅಂತ ಗಟ್ಟಿಯಾಗಿ ನಿಂತಿದ್ದರಲ್ಲ, ಅದೇ ಬ್ರಾಡ್. ಆ ಟೆಸ್ಟನ್ನು ಇಂಗ್ಲೆಂಡ್ 14 ರನ್‌ನಿಂದ ಗೆದ್ದಿತು. ಇನ್ನು ಇಂಗ್ಲೆಂಡಿನ ಕೋಚ್ ಬ್ರೆಂಡನ್ ಮೆಕಲಂ. ಇವರು 2006ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್ ಪರ ಆಡುವಾಗ ಶ್ರೀಲಂಕಾದ ಮುರಳೀಧರನ್ ಅವರನ್ನು ರನ್ ಔಟ್ ಮಾಡಿದವರು. ಸಂಗಕ್ಕಾರ ಶತಕದ ರನ್ ಮುಗಿಸಿದ ಕೂಡಲೇ ಅಭಿನಂದಿಸಲು ಮುರಳಿ ಕ್ರೀಸ್ ಬಿಟ್ಟು ಹೋದರು, ಬಾಲ್ ಇನ್ನೂ ಡೆಡ್ ಆಗಿರಲಿಲ್ಲ, ಮೆಕಲಂ ಬೇಲ್ಸ್ ಬೀಳಿಸಿದರು. ಹತ್ತು ವರ್ಷ ಆದಮೇಲೆ, 2016ರಲ್ಲಿ, ಲಾರ್ಡ್ಸ್‌ನಲ್ಲಿ ಭಾಷಣ ಮಾಡುತ್ತಾ ಅದಕ್ಕೆ ಕ್ಷಮೆ ಕೇಳಿದರು. ಮೆಕಲಂ ಬಗ್ಗೆ ನನಗೆ ಗೌರವ ಇದೆ, ಕ್ಷಮೆ ಕೇಳೋದು ಸಣ್ಣ ಮಾತಲ್ಲ. ಆದರೆ ತನಗೆ ಹತ್ತು ವರ್ಷ ಹಿಡಿದಿದ್ದನ್ನು ಕೇರಿ ಒಂದು ನಿಮಿಷದಲ್ಲಿ ಕಲಿಯಬೇಕು ಅನ್ನೋದು ಜಾಸ್ತಿ ಆಯಿತು ಅಲ್ವಾ?

ಎಲ್ಲಕ್ಕಿಂತ ದೊಡ್ಡ ತಮಾಷೆ ಲಾರ್ಡ್ಸ್‌ನ ಲಾಂಗ್ ರೂಮಿನಲ್ಲಿ ನಡೆಯಿತು. ಊಟಕ್ಕೆ ಹೋಗುತ್ತಿದ್ದ ಆಸ್ಟ್ರೇಲಿಯಾ ಆಟಗಾರರ ಮೇಲೆ ಟೈ ಕಟ್ಟಿದ ಎಂಸಿಸಿ ಸದಸ್ಯರೇ ಕೂಗಾಡಿದರು. ಮೂವರನ್ನು ಕ್ಲಬ್ ಅಮಾನತು ಮಾಡಬೇಕಾಯಿತು. ಕ್ರಿಕೆಟ್ ನಿಯಮ ಬರೆಯೋದು ಯಾರು? ಅದೇ ಎಂಸಿಸಿ. ತಮ್ಮ ಕ್ಲಬ್ಬಿನ ಪುಸ್ತಕದ ಪ್ರಕಾರವೇ ಔಟಾದ ಬ್ಯಾಟರ್ ಪರವಾಗಿ ಎದುರು ತಂಡವನ್ನು ಬೈದರು.

ಆವತ್ತು ಚೆನ್ನಾಗಿ ನಡೆದುಕೊಂಡವರು ಅಂತ ಒಬ್ಬರ ಹೆಸರು ಹೇಳಬೇಕಾದರೆ ನಾನು ಸ್ಟೋಕ್ಸ್ ಹೆಸರು ಹೇಳುತ್ತೇನೆ. ಸಿಟ್ಟನ್ನೆಲ್ಲ ಬ್ಯಾಟಿಗೆ ಹಾಕಿ 155 ಹೊಡೆದರು. ಇಂಗ್ಲೆಂಡ್ 43 ರನ್‌ನಿಂದ ಸೋತಿತು. ಮ್ಯಾಚ್ ಮುಗಿದ ಮೇಲೆ ಔಟ್ ಹೌದು, ಆದರೆ ನಾನಾಗಿದ್ದರೆ ಹೀಗೆ ಗೆಲ್ಲಲು ಬಯಸುತ್ತಿರಲಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ನಿಮ್ಮ ಆಫೀಸಿನ ಜಗಳಕ್ಕೆ ಇದನ್ನೇ ತೀರ್ಪು ಅಂದುಕೊಳ್ಳಿ.

ಪ್ರಶ್ನೆ: ಯಾರೂ ಅಪೀಲ್ ಮಾಡದಿದ್ದರೆ ಅಂಪೈರ್ ತಾವಾಗಿ ಔಟ್ ಕೊಡಬಹುದಾ?
- ಒಬ್ಬ ವಿದ್ಯಾರ್ಥಿ, ತುಮಕೂರು

ಉತ್ತರ: ಕೊಡುವಂತಿಲ್ಲ. 31ನೇ ನಿಯಮ. ಫೀಲ್ಡಿಂಗ್ ಕಡೆಯವರು ಒಬ್ಬರಾದರೂ ಕೇಳಬೇಕು. ಬೌಲ್ಡ್ ಆದಾಗ ಬ್ಯಾಟರ್ ತಾನಾಗಿಯೇ ಹೊರಡುತ್ತಾನಲ್ಲ, ಅದಕ್ಕೇ ಅಲ್ಲಿ ಯಾರೂ ಕೂಗುವುದಿಲ್ಲ.

ಪ್ರಶ್ನೆ: ಹೆಲ್ಮೆಟ್ ಪಟ್ಟಿ ಕಿತ್ತುಹೋದವನನ್ನು ಟೈಮ್ಡ್ ಔಟ್ ಮಾಡಿದ ಶಕೀಬ್‌ನ ಏನಂತ ಕರೆಯೋಣ? ನನಗಂತೂ ಆವತ್ತಿಂದ ಆ ಮನುಷ್ಯನ ಮೇಲೆ ಗೌರವ ಹೋಯಿತು.
- ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. 2023ರ ನವೆಂಬರ್ 6, ದೆಹಲಿ, ವಿಶ್ವಕಪ್. ಶ್ರೀಲಂಕಾದ ಆ್ಯಂಜೆಲೊ ಮ್ಯಾಥ್ಯೂಸ್ ಕ್ರೀಸಿಗೆ ಬಂದು ಪಟ್ಟಿ ಎಳೆದರು, ಕಿತ್ತು ಕೈಗೆ ಬಂತು, ಬೇರೆ ಹೆಲ್ಮೆಟ್ ತರಿಸಿದರು. ಅಷ್ಟರಲ್ಲಿ ಬಾಂಗ್ಲಾದೇಶದ ನಾಯಕ ಶಕೀಬ್ ಅಪೀಲ್ ಮಾಡಿದರು. ಅಂತಾರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಹಾಗೆ ಔಟಾದ ಮೊದಲನೆಯವರು ಮ್ಯಾಥ್ಯೂಸ್. ಹಿಂದಿನ ವಿಕೆಟ್ ಬಿದ್ದಾಗಿನಿಂದ ಎಂಸಿಸಿ ನಿಯಮದಲ್ಲಿ 3 ನಿಮಿಷ ಇದೆ, ವಿಶ್ವಕಪ್‌ನಲ್ಲಿ 2 ನಿಮಿಷ. ಅಷ್ಟರೊಳಗೆ ಬಾಲ್ ಎದುರಿಸಲು ತಯಾರಾಗಿರಬೇಕು. ಸುಮ್ನೆ ಮೈದಾನಕ್ಕೆ ಬಂದು ನಿಂತರೆ ಲೆಕ್ಕಕ್ಕಿಲ್ಲ.

ನಾನು ಶಕೀಬ್ ಆಗಿದ್ದರೆ? ಅಪೀಲ್ ಮಾಡುತ್ತಿರಲಿಲ್ಲ. ಪಟ್ಟಿ ಕಿತ್ತುಹೋಗಿದ್ದು ಎಲ್ಲರಿಗೂ ಕಾಣುತ್ತಿತ್ತು, ಆತ ಕಾಲಹರಣ ಮಾಡುತ್ತಿರಲಿಲ್ಲ, ತಲೆಗೆ ಬಾಲ್ ಬಡಿಯೋ ಆಟದಲ್ಲಿ ಸಡಿಲ ಹೆಲ್ಮೆಟ್ ಹಾಕಿಕೊಂಡು ನಿಲ್ಲು ಅನ್ನಲು ಆಗುತ್ತದಾ? ಇವತ್ತು ಬಂದ ಪತ್ರಗಳಲ್ಲಿ ನನಗೆ ಮನಸ್ಸಿಗೆ ಒಪ್ಪದ ಔಟ್ ಇದೊಂದೇ. ಮ್ಯಾಥ್ಯೂಸ್ ಹೋಗಿ ಅಂಪೈರಿಗೆ ಒಂದು ಮಾತು ಹೇಳಿ ಆಮೇಲೆ ಹೆಲ್ಮೆಟ್ ತರಿಸಿದ್ದರೆ ಇಡೀ ರಾದ್ಧಾಂತ ತಪ್ಪುತ್ತಿತ್ತು, ಅದೂ ನಿಜ.

ಆದರೂ ಶಕೀಬ್ ಮೇಲೆ ಪೂರ್ತಿ ಗೌರವ ಕಳಕೊಳ್ಳೋ ಮುಂಚೆ ಇದೊಂದು ಕೇಳಿ. 2014ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಶ್ರೀಲಂಕಾದ ಸೇನಾನಾಯಕೆ ಅವರು ಬಟ್ಲರ್‌ನ ನಾನ್ ಸ್ಟ್ರೈಕರ್ ಕಡೆಯಲ್ಲಿ ರನ್ ಔಟ್ ಮಾಡಿದರು, ಎಚ್ಚರಿಕೆ ಕೊಟ್ಟು ಆಮೇಲೆ. ಅಂಪೈರ್ ನಾಯಕನನ್ನು ಕೇಳಿದರು, ಅಪೀಲ್ ಇರಲಾ ಅಂತ. ಇರಲಿ ಅಂದ ನಾಯಕ ಯಾರು ಗೊತ್ತಾ? ಇದೇ ಮ್ಯಾಥ್ಯೂಸ್. ಅವರು ಆವತ್ತು ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ಪುಸ್ತಕ ನಮ್ಮ ಕೈಯಲ್ಲಿದ್ದಾಗ ನಿಯಮ, ಎದುರಿನವನ ಕೈಯಲ್ಲಿದ್ದಾಗ ಸ್ಪಿರಿಟ್ ನೆನಪಾಗೋದು ಮನುಷ್ಯ ಸಹಜ ಬಿಡಿ.

ಆ ಪಂದ್ಯದಲ್ಲಿ ಆಮೇಲೆ ಶಕೀಬ್ 82 ಹೊಡೆದು ಮ್ಯಾಥ್ಯೂಸ್ ಬೌಲಿಂಗಿಗೇ ಔಟಾದರು. ಮ್ಯಾಥ್ಯೂಸ್ ತಮ್ಮ ಮಣಿಕಟ್ಟು ತೋರಿಸಿದರು, ಟೈಮ್ ಆಯ್ತು ಹೊರಡು ಅನ್ನೋ ಹಾಗೆ. ಪಂದ್ಯ ಬಾಂಗ್ಲಾದೇಶ ಗೆದ್ದಿತು, ಯಾರೂ ಕೈ ಕುಲುಕಲಿಲ್ಲ. ನಾನು ನಕ್ಕಿದ್ದು ಆ ಮಣಿಕಟ್ಟಿಗೆ ಮಾತ್ರ.

ಪ್ರಶ್ನೆ: ನಮ್ಮ ಊರಿನ ವಿಶ್ವನಾಥ್ ಅವರು 1980ರಲ್ಲಿ ಬಾಬ್ ಟೇಲರ್‌ನ ವಾಪಸ್ ಕರೆದರು. ಪಂದ್ಯ ಹೋಯಿತು, ಆದರೆ ಹೆಸರು ಉಳಿಯಿತು. ಈಗಿನವರು ಯಾಕೆ ಅದನ್ನು ಕಲಿಯೋದಿಲ್ಲ?
- ಒಬ್ಬ ಹಿರಿಯ ಓದುಗರು, ಭದ್ರಾವತಿ

ಉತ್ತರ: ನಿಮ್ಮೂರಿನವರು ಅಂತ ಹೆಮ್ಮೆ ಪಡೋದಕ್ಕೆ ಪೂರ್ತಿ ಹಕ್ಕಿದೆ. ಆದರೆ ಆ ಘಟನೆಯನ್ನು ಇವುಗಳ ಜೊತೆ ಒಂದೇ ಗಂಟು ಕಟ್ಟಬೇಡಿ ಅಂತ ನನ್ನ ಕೋರಿಕೆ.

ವಾಂಖೆಡೆ, ಫೆಬ್ರವರಿ 1980, ಬಿಸಿಸಿಐನ ಸುವರ್ಣ ಮಹೋತ್ಸವ ಟೆಸ್ಟ್. ಭಾರತ 242. ಇಂಗ್ಲೆಂಡ್ 58ಕ್ಕೆ 5. ಬೋಥಮ್ ಜೊತೆ ಟೇಲರ್ ಆಡುತ್ತಿದ್ದಾಗ ಕಪಿಲ್ ಬೌಲಿಂಗಿನಲ್ಲಿ ಕೀಪರ್ ಕಿರ್ಮಾನಿ ಕ್ಯಾಚ್ ಅಂತ ಅಪೀಲ್ ಆಯಿತು, ಅಂಪೈರ್ ಬೆರಳೆತ್ತಿದರು. ಟೇಲರ್ ನಂಬಲಾಗದೆ ನಿಂತರು. ನಾಯಕ ವಿಶ್ವನಾಥ್ ಸ್ಲಿಪ್‌ನಲ್ಲಿದ್ದವರು, ಬಾಲ್ ಬ್ಯಾಟಿಗೆ ತಾಗಿಲ್ಲ ಅನ್ನೋದು ಅವರಿಗೆ ಕಂಡಿತ್ತು. ಅಂಪೈರ್ ಹತ್ತಿರ ಮಾತಾಡಿ ಟೇಲರ್‌ನ ಉಳಿಸಿದರು. ಟೇಲರ್ ಹೊಡೆದಿದ್ದು 43 ಅಷ್ಟೇ, ಆದರೆ ಬೋಥಮ್ ಜೊತೆ 171 ಸೇರಿಸಿದರು. ಬೋಥಮ್ 114 ಹೊಡೆದು, ಸಾಲದ್ದಕ್ಕೆ 13 ವಿಕೆಟ್ ಕಿತ್ತು, ಪಂದ್ಯವನ್ನು ಹತ್ತು ವಿಕೆಟ್‌ನಿಂದ ಎತ್ತಿಕೊಂಡು ಹೋದರು. ಸೋತಿದ್ದಕ್ಕೆ ಟೇಲರ್‌ಗಿಂತ ಬೋಥಮ್ ಕಾರಣ ಅನ್ನೋದು ಬೇರೆ ಮಾತು.

ನೋಡಿ, ಟೇಲರ್ ಔಟೇ ಆಗಿರಲಿಲ್ಲ. ಅಂಪೈರ್ ತಪ್ಪು ಮಾಡಿದ್ದರು, ಸತ್ಯ ಗೊತ್ತಿದ್ದ ವಿಶ್ವನಾಥ್ ಬಾಯಿ ಮುಚ್ಚಿಕೊಂಡಿರಲಿಲ್ಲ. ಇವತ್ತು ಆ ಕೆಲಸವನ್ನು ಡಿಆರ್‌ಎಸ್, ಅಂದರೆ ತೀರ್ಪನ್ನು ಟಿವಿಯಲ್ಲಿ ಮರುಪರಿಶೀಲಿಸೋ ವ್ಯವಸ್ಥೆ, ಮಾಡುತ್ತದೆ. ಆದರೆ ಬೇರ್‌ಸ್ಟೋ ವಿಷಯದಲ್ಲಿ ಅಂಪೈರ್ ಸರಿಯಾಗಿಯೇ ಇದ್ದರು. ಅಲ್ಲಿ ವಾಪಸ್ ಕರೆಯೋದು ಅಂದರೆ ಬೇರೇನೇ, ನ್ಯಾಯವಾಗಿ ಸಿಕ್ಕ ವಿಕೆಟನ್ನು ಬಿಟ್ಟುಕೊಡೋದು. ವಿಶ್ವನಾಥ್ ಉದಾಹರಣೆ ಕೊಟ್ಟು ಕಮಿನ್ಸ್‌ನ ಬೈದರೆ ಲೆಕ್ಕ ತಾಳೆಯಾಗುವುದಿಲ್ಲ.

ಹಾಗೆ ಬಿಟ್ಟುಕೊಟ್ಟ ಉದಾಹರಣೆ ಬೇಕಿದ್ದರೆ ಧೋನಿ ಇದ್ದಾರೆ. 2011, ಟ್ರೆಂಟ್ ಬ್ರಿಡ್ಜ್, ಟೀಗೆ ಮುಂಚಿನ ಕೊನೇ ಬಾಲ್. ಬೌಂಡರಿ ಹೋಯಿತು ಅಂದುಕೊಂಡು ಇಯಾನ್ ಬೆಲ್ 137ರಲ್ಲಿ ಕ್ರೀಸ್ ಬಿಟ್ಟು ಟೀ ಕಡೆ ಹೊರಟರು. ಬೌಂಡರಿ ಆಗಿರಲಿಲ್ಲ, ನಮ್ಮವರು ಬೇಲ್ಸ್ ಬೀಳಿಸಿದರು, ಔಟ್. ಟೀ ಹೊತ್ತಿನಲ್ಲಿ ಇಂಗ್ಲೆಂಡಿನ ನಾಯಕ ಮತ್ತು ಕೋಚ್ ನಮ್ಮ ಡ್ರೆಸ್ಸಿಂಗ್ ರೂಮಿಗೆ ಬಂದು ಕೇಳಿದರು. ಧೋನಿ ತಂಡದವರ ಜೊತೆ ಮಾತಾಡಿ ಅಪೀಲ್ ವಾಪಸ್ ತೆಗೆದುಕೊಂಡರು. ದಿನದ ಕೊನೆಗೆ ಪತ್ರಕರ್ತರ ಮುಂದೆ ಕೂತು ಇದನ್ನೆಲ್ಲ ವಿವರಿಸಿದ್ದು ನಮ್ಮ ದ್ರಾವಿಡ್. ಬೆಲ್ 159 ಹೊಡೆದರು, ನಾವು 319 ರನ್‌ನಿಂದ ಸೋತೆವು. ಧೋನಿ ಮಾಡಿದ್ದು ನನಗೆ ಇಷ್ಟ. ಇಂಗ್ಲೆಂಡಿನವರು ಬಾಗಿಲು ತಟ್ಟಿ ಕೇಳಿದ್ದು ಅಷ್ಟು ಇಷ್ಟ ಇಲ್ಲ. ಕೊಡುವವರು ಕೊಡಲಿ, ಕೇಳೋದು ಮಾತ್ರ ಮುಜುಗರ.

ಈಗಿನವರು ಯಾಕೆ ಕಲಿಯೋದಿಲ್ಲ ಅಂದಿರಿ. ಧೋನಿ ಈಗಿನವರೇ ಅಲ್ವಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ. ಮೊನ್ನೆ ಅಕಾಡೆಮಿ ಮ್ಯಾಚಿನಲ್ಲಿ ಬಾಲ್ ಬ್ಯಾಟಿಗೆ ಸವರಿ ಕೀಪರ್ ಹಿಡಿದ. ಅಂಪೈರ್ ನಾಟೌಟ್ ಅಂದರೂ ಇವನೇ ಹೊರಟುಬಂದ. ಕೋಚ್ ಎಲ್ಲರ ಮುಂದೆ ಬೈದರಂತೆ. ಮನೆಗೆ ಬಂದು ನಾನು ಮಾಡಿದ್ದು ತಪ್ಪಾ ಅಮ್ಮ ಅಂತ ಕೇಳುತ್ತಿದ್ದಾನೆ. ನನಗೆ ಕ್ರಿಕೆಟ್ ಅಷ್ಟಾಗಿ ಗೊತ್ತಿಲ್ಲ, ಏನು ಹೇಳಲಿ?
- ಒಬ್ಬ ತಾಯಿ, ಬೆಂಗಳೂರು

ಉತ್ತರ: ತಪ್ಪಲ್ಲ ಅಂತ ಹೇಳಿ ಮೇಡಂ. ಮೊದಲು ಅದನ್ನು ಹೇಳಿ, ಉಳಿದಿದ್ದು ಆಮೇಲೆ.

2003ರ ವಿಶ್ವಕಪ್ ಸೆಮಿಫೈನಲ್ ಕಥೆಯನ್ನೂ ಹೇಳಿ. ಪೋರ್ಟ್ ಎಲಿಜಬೆತ್‌ನಲ್ಲಿ ಶ್ರೀಲಂಕಾ ವಿರುದ್ಧ ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್ 22ರಲ್ಲಿದ್ದಾಗ ಅರವಿಂದ ಡಿಸಿಲ್ವಾ ಬಾಲ್ ಬ್ಯಾಟಿಗೆ ತಾಗಿ ಪ್ಯಾಡಿಗೆ ಬಡಿದು ಕೀಪರ್ ಕೈ ಸೇರಿತು. ಅಂಪೈರ್ ರೂಡಿ ಕರ್ಟ್‌ಜನ್ ನಾಟೌಟ್ ಅಂದರು. ಗಿಲ್‌ಕ್ರಿಸ್ಟ್ ಹೊರಟುಬಿಟ್ಟರು. ಅದೂ ವಿಶ್ವಕಪ್ ಸೆಮಿಫೈನಲ್‌ನಲ್ಲಿ, ಅದೂ ಆಸ್ಟ್ರೇಲಿಯಾದವರು! ಆಸ್ಟ್ರೇಲಿಯಾ ಆ ಪಂದ್ಯವನ್ನೂ ಗೆದ್ದಿತು, ಕಪ್ಪನ್ನೂ ಗೆದ್ದಿತು.

ಕೋಚ್ ಕಡೆಯ ಮಾತೂ ಒಂದಿದೆ, ಅದನ್ನು ಮಗನಿಗೆ ಮುಚ್ಚಿಡಬೇಡಿ. ಅಂಪೈರ್ ಇರೋದೇ ತೀರ್ಪು ಕೊಡಲು, ಕಾದು ನಿಂತವನು ನಿಯಮ ಮುರಿದ ಹಾಗಲ್ಲ. ನಾಳೆ ಜೊತೆಯ ಹುಡುಗ ಹಾಗೆ ನಿಂತರೆ ಇವನು ಅವನನ್ನು ಕೀಳಾಗಿ ನೋಡಬಾರದು. ಕೋಚ್‌ಗೆ ಆಟದ ಲೆಕ್ಕ ಹೇಳಬೇಕಿದ್ದರೆ ಪಕ್ಕಕ್ಕೆ ಕರೆದು ಹೇಳಬಹುದಿತ್ತು, ನಾಲ್ಕು ಹುಡುಗರ ಮುಂದೆ ಬೈಯೋ ಅಗತ್ಯ ಇರಲಿಲ್ಲ. ಇದನ್ನು ನೀವೇ ಹೋಗಿ ಮೆತ್ತಗೆ ಹೇಳಿಬನ್ನಿ. ಆಮೇಲೂ ಅವರ ರೀತಿ ಹೀಗೇ ಇದ್ದರೆ ಅಕಾಡೆಮಿ ಬದಲಾಯಿಸೋ ಯೋಚನೆ ಮಾಡಿ, ಬೆಂಗಳೂರಿನಲ್ಲಿ ಅದಕ್ಕೇನು ಬರವಿಲ್ಲ.

ಹಾಗೇ ಮಗನನ್ನು ಒಂದು ಕೇಳಿ, ಆ ಬಾಲ್ ಆಫ್ ಸ್ಟಂಪಿನಿಂದ ಎಷ್ಟು ಹೊರಗಿತ್ತು ಅಂತ. ಜಾಸ್ತಿ ಹೊರಗಿದ್ದರೆ ಅದನ್ನು ಮುಟ್ಟಿದ್ದಕ್ಕೆ ನಾನೂ ಬೈಯುತ್ತೇನೆ.